ನಾದದ ಹದ

ತುಮಕೂರು ತಾಲ್ಲೂಕಿನ ಬೆಳ್ಳಾವಿ ಹೋಬಳಿಯು ತೆಂಗು, ರಾಗಿಗಳ ಸೀಮೆ. ದೊಡ್ಡ ನಗರದ ಗದ್ದಲವಿಲ್ಲದ ಈ ಊರಿನ ಹೆಸರು ಇಬ್ಬರು ಹಿರಿಯರ ಹೆಸರುಗಳೊಡನೆ ಸೇರಿಕೊಂಡು ಕನ್ನಡ ನಾಡಿನಲ್ಲೆಲ್ಲ ಸಂಚರಿಸಿದೆ. ಅವರಲ್ಲಿ ಒಬ್ಬರು ಬೆಳ್ಳಾವೆ ವೆಂಕಟನಾರಣಪ್ಪನವರು (1872–1943). ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರದ ಮಾತು ಕನ್ನಡದಲ್ಲಿ ಸಾಧ್ಯವೆಂಬುದನ್ನು ಮಾಡಿ ತೋರಿಸಿದರು. ಮತ್ತೊಬ್ಬರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ವೃತ್ತಿ ನಾಟಕ ಮಂಡಲಿಗಳಿಗೆ ನಾಟಕಗಳನ್ನೂ ರಂಗಗೀತೆಗಳನ್ನೂ ರಚಿಸಿಕೊಟ್ಟ ಅವರು, 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಸಾಹಿತ್ಯವನ್ನು ಒದಗಿಸಿದರು. ಒಬ್ಬರದು ಶಾಸ್ತ್ರದ ದಾರಿ, ಮತ್ತೊಬ್ಬರದು ರಂಗಸಂಗೀತದ ದಾರಿ. ಈ ಎರಡು ದಾರಿಗಳೂ ಕೂಡುವ ಒಂದು ಕುಶಲತೆಯನ್ನೂ, ಅದೇ ಸೀಮೆಯ ಪಾಠಶಾಲೆಯೊಂದರ ಸಂಗೀತೋಪಾಧ್ಯಾಯರು ಅದನ್ನು ತಡವಾಗಿ, ಒಂದು ತಪ್ಪಿನ ಮೂಲಕ ಕಲಿತುಕೊಂಡ ಬಗೆಯನ್ನೂ ಇಲ್ಲಿ ನಿರೂಪಿಸಿದೆ.

ಆ ಪಾಠಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಬಹುಕಾಲದಿಂದ ಒಂದು ಹಾರ್ಮೋನಿಯಂ ಇದ್ದಿತು. ಅದರ ತಿದಿಯ ಚರ್ಮ ಸೀಳಿ, ಮಂದ್ರದ ಕೆಲವು ಮನೆಗಳು ಮೂಕವಾದಾಗ, ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಉದಾರಿಗಳು 61 ಮನೆಗಳ ಒಂದು ಸಿಂಥಸೈಸರನ್ನು ತಂದು ಗುರುಗಳ ಪಾದಕ್ಕೆ ಅರ್ಪಿಸಿದರು. ವಾರ್ಷಿಕೋತ್ಸವ ಸಮೀಪಿಸಿತ್ತು. ಉಪಾಧ್ಯಾಯರು ಆ ವಾದ್ಯದ ನೂರಾರು ಸಿದ್ಧ ಧ್ವನಿಗಳಲ್ಲಿ ಅತ್ಯಂತ ಭವ್ಯವಾಗಿ ಕೇಳಿಸಿದ ‘ಸ್ಟ್ರಿಂಗ್ಸ್’ ಎಂಬುದನ್ನು ಆರಿಸಿಕೊಂಡು, ಧ್ವನಿವರ್ಧಕಕ್ಕೆ ಜೋಡಿಸಿ, ಮಕ್ಕಳಿಗೆ ವಚನಗಾಯನವನ್ನು ಅಭ್ಯಾಸ ಮಾಡಿಸತೊಡಗಿದರು. ಹಾಡುವ ಮಕ್ಕಳ ದನಿ ಹಿಂದಿನಂತೆ ಕೇಳಿಸದಿದ್ದಾಗ ಅವರು ಮಕ್ಕಳನ್ನೇ ಗದರಿದರು. ಮೆಲುದನಿಯ ಒಬ್ಬ ಬಾಲಿಕೆಯನ್ನು ಮುಂದಿನ ಸಾಲಿನಿಂದ ತೆಗೆದು ಹಿಂದಿನ ಸಾಲಿಗೆ ನಿಲ್ಲಿಸಿ, ‘ನಿನ್ನ ದನಿ ಸಭೆಗೆ ಸಾಲದು’ ಎಂದರು. ಹುಡುಗಿ ಮರುಮಾತಾಡದೆ ಹಿಂದೆ ಸರಿದಳು.

ವಾರ್ಷಿಕೋತ್ಸವದ ದಿನ ದಾನಿಗಳು ಮುಂದಿನ ಸಾಲಿನಲ್ಲಿ ಆಸೀನರಾಗಿದ್ದರು. ವಾದ್ಯದ ಘೋಷ ಮಂದಿರವನ್ನೆಲ್ಲ ತುಂಬಿತು. ಸಭಿಕರು ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಮುಗಿದ ಬಳಿಕ ದಾನಿಗಳು ಉಪಾಧ್ಯಾಯರ ಬಳಿಗೆ ಬಂದು ವಿನಯದಿಂದಲೇ ಕೇಳಿದರು: ‘ವಾದ್ಯ ಬಹಳ ಚೆನ್ನಾಗಿ ನುಡಿಯಿತು ಮೇಷ್ಟ್ರೇ. ಮಕ್ಕಳು ಹಾಡಿದ್ದು ಯಾವ ವಚನ?’

ಆ ಪ್ರಶ್ನೆಯಲ್ಲಿ ಕೊಂಕೇನೂ ಇರಲಿಲ್ಲ. ಇರಲಿಲ್ಲವಾದುದರಿಂದಲೇ ಅದು ಉಪಾಧ್ಯಾಯರ ಎದೆಯಲ್ಲಿ ನಾಟಿತು. ವಚನವೆಂದರೆ ಮಾತು. ಶರಣರು ಅದನ್ನು ನುಡಿದದ್ದು ಅರ್ಥವಾಗಲೆಂದು. ಮಠದ ಶಾಲೆಯೊಂದರಲ್ಲಿ, ಮಠದ ಹಳೆಯ ವಿದ್ಯಾರ್ಥಿಯೊಬ್ಬರಿಗೆ, ಬಾಲ್ಯದಿಂದ ಬಲ್ಲ ವಚನವೇ ಗುರುತು ಸಿಗದಂತೆ ಆಯಿತೆಂದರೆ ಅಲ್ಲಿ ಹಾಡಿದ್ದು ಏನು, ಕೇಳಿಸಿದ್ದು ಏನು?

ಮರುದಿನ ಉಪಾಧ್ಯಾಯರು ಬರಿದಾದ ಮಂದಿರದಲ್ಲಿ ಒಬ್ಬರೇ ಕುಳಿತು ಕೆಟ್ಟುಹೋದ ಹಾರ್ಮೋನಿಯಮನ್ನು ಮುಂದೆಳೆದುಕೊಂಡರು. ಹಿಂದೆ ನಾಟಕ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದ ವೃದ್ಧರೊಬ್ಬರಲ್ಲಿ ಅವರು ಮೊದಲ ಪಾಠ ಹೇಳಿಸಿಕೊಂಡಿದ್ದರು. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ವೀರಣ್ಣನವರ ಕಾಲದಲ್ಲಿ ನಾಡನ್ನೇ ಆಳಿದ ಗುಬ್ಬಿ ಕಂಪನಿಯ ಗಾಳಿ ಈ ಸೀಮೆಯ ಹಳ್ಳಿಹಳ್ಳಿಗೂ ಬೀಸಿತ್ತು. ಧ್ವನಿವರ್ಧಕವಿಲ್ಲದ ಆ ಕಾಲದ ರಂಗದಲ್ಲಿ ಹಾರ್ಮೋನಿಯಂ ವಾದಕನಿಗೆ ಒಂದು ಅಲಿಖಿತ ನಿಯಮವಿತ್ತು: ನಟನು ನುಡಿಯುವಾಗ ಕಾಲಿನ ಒತ್ತು ಇಳಿಯಬೇಕು, ನಟನು ಉಸಿರೆಳೆಯುವಾಗ ಏರಬೇಕು. ವಾದ್ಯದ ದನಿಯನ್ನು ಹದಗೊಳಿಸುತ್ತಿದ್ದುದು ಬೆರಳಲ್ಲ, ಪಾದ. ಈ ನಿಯಮವನ್ನು ಬಲ್ಲ ಉಪಾಧ್ಯಾಯರಿಗೆ ಹೊಸ ವಾದ್ಯದಲ್ಲಿ ಪಾದವೂ ತಿದಿಯೂ ಎಲ್ಲಿವೆಯೆಂಬುದೇ ತಿಳಿದಿರಲಿಲ್ಲ. ಅವು ಇದ್ದವು, ಗುಂಡಿಗಳ ಹಿಂದೆ, ಬೇರೆ ಹೆಸರುಗಳಲ್ಲಿ ಅಡಗಿದ್ದವು.

ಯಾವುದೇ ನಾದಕ್ಕೂ ಒಂದು ಜೀವನಚರಿತ್ರೆಯಿದೆ. ದೇವಸ್ಥಾನದ ಗಂಟೆಯನ್ನು ಹೊಡೆದರೆ ದನಿಯು ಕ್ಷಣಾರ್ಧದಲ್ಲಿ ತುತ್ತತುದಿಗೇರಿ, ಒಡನೆಯೇ ಇಳಿಯತೊಡಗಿ, ಬಹು ಹೊತ್ತು ಸಣ್ಣಗಾಗುತ್ತ ಹೋಗಿ ಮೌನದಲ್ಲಿ ಲೀನವಾಗುತ್ತದೆ. ಹಾರ್ಮೋನಿಯಮಿನ ದನಿ ಸ್ವಲ್ಪ ತಡೆದು ಏಳುತ್ತದೆ. ಅದರಲ್ಲಿಯೂ ಮಂದ್ರದ ನಾಲಗೆಗಳು ತಾರದ ನಾಲಗೆಗಳಿಗಿಂತ ನಿಧಾನವಾಗಿ ಎಚ್ಚರಗೊಳ್ಳುತ್ತವೆ. ಎದ್ದ ಮೇಲೆ ಗಾಳಿಯಿರುವವರೆಗೆ ಒಂದೇ ಸಮನೆ ನಿಂತು, ಬೆರಳೆತ್ತಿದ ಕೂಡಲೆ ಮುಗಿಯುತ್ತದೆ. ಮೃದಂಗದ ಪೆಟ್ಟಿಗೆ ಹುಟ್ಟೂ ಸಾವೂ ಹತ್ತಿರ ಹತ್ತಿರ. ಕಿವಿಯು ವಾದ್ಯವನ್ನು ಗುರುತಿಸುವುದು ಬಹುಮಟ್ಟಿಗೆ ಈ ಚರಿತ್ರೆಯಿಂದ. ಫ್ರಾನ್ಸಿನ ಪಿಯರ್ ಶಾಫರ್ ಎಂಬ ಆಕಾಶವಾಣಿ ಎಂಜಿನಿಯರು 1948ರಲ್ಲಿ ಗಂಟೆಯ ದನಿಯನ್ನು ಮುದ್ರಿಸಿಕೊಂಡು, ಹೊಡೆತದ ಮೊದಲ ಕ್ಷಣವನ್ನು ಕತ್ತರಿಸಿ, ಉಳಿದುದನ್ನು ಸಮನಾಗಿ ನುಡಿಸಿದಾಗ, ಅದು ಗಂಟೆಯೆಂದು ಗುರುತಿಸಲಾಗದೆ ಊದುವ ವಾದ್ಯದ ಸ್ವರದಂತೆ ಕೇಳಿಸಿತು. ಲೋಹ ಅದೇ, ಸ್ವರವೂ ಅದೇ. ಹುಟ್ಟು ಹೋದೊಡನೆ ಗುರುತೇ ಹೋಯಿತು.

ಸಿಂಥಸೈಸರಿನಲ್ಲಿ ಈ ಚರಿತ್ರೆಯನ್ನು ಬರೆಯುವ ಅಂಗಕ್ಕೆ ‘ಎನ್ವಲಪ್’ ಎನ್ನುತ್ತಾರೆ. ನಾದದ ಮೈಕಟ್ಟೆಂದು ಕನ್ನಡದಲ್ಲಿ ಹೇಳಬಹುದು. ಅಮೆರಿಕದ ರಾಬರ್ಟ್ ಮೂಗ್ ಎಂಬ ಎಂಜಿನಿಯರು 1964ರಲ್ಲಿ ಸಂಗೀತಗಾರ ಹರ್ಬರ್ಟ್ ಡಾಯ್ಚರೊಡನೆ ತನ್ನ ಮೊದಲ ವಿದ್ಯುನ್ಮಾನ ವಾದ್ಯವನ್ನು ಕಟ್ಟುತ್ತಿದ್ದಾಗ, ಸ್ವರಕ್ಕೆ ಹುಟ್ಟುಸಾವುಗಳನ್ನು ಕೊಡುವುದು ಹೇಗೆಂಬ ಪ್ರಶ್ನೆ ಎದುರಾಯಿತು. ಅಂಗಡಿಯಿಂದ ತರಿಸಿದ ಮನೆಬಾಗಿಲ ಕರೆಗಂಟೆಯ ಗುಂಡಿಯೊಂದು ಅವರ ಮೊದಲ ಪ್ರಯೋಗಕ್ಕೆ ಒದಗಿತು. ಮರುವರ್ಷ ವ್ಲಾದಿಮಿರ್ ಉಸಚೆವ್ಸ್ಕಿ ಎಂಬ ಸಂಗೀತ ರಚನಕಾರರು ತಮಗೆ ಬೇಕಾದ ಮೈಕಟ್ಟನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ ಮೂಗ್ ಅವರಿಂದ ಮಾಡಿಸಿಕೊಂಡರು. ಆ ನಾಲ್ಕು ಭಾಗಗಳು ಇಂದಿಗೂ ಲೋಕದ ಬಹುಪಾಲು ಸಿಂಥಸೈಸರುಗಳಲ್ಲಿ ಉಳಿದುಬಂದಿವೆ. ಭಾರತಕ್ಕೂ ಈ ವಾದ್ಯ ತಡವಾಗಿಯೇನೂ ಬರಲಿಲ್ಲ. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೂಗ್ ವಾದ್ಯವನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಸ್ವರಚನೆಗಳನ್ನು ಮಾಡಿದರು.

ನಾಲ್ಕು ಭಾಗಗಳಲ್ಲಿ ಮೊದಲನೆಯದು ಅಟ್ಯಾಕ್, ಅಂದರೆ ಏರಿಕೆ. ಮನೆಯನ್ನೊತ್ತಿದ ಮೇಲೆ ದನಿಯು ಪೂರ್ಣ ಎತ್ತರಕ್ಕೇರಲು ಹಿಡಿಯುವ ಕಾಲ. ಎರಡನೆಯದು ಡಿಕೇ, ಅಂದರೆ ಇಳಿಕೆ. ಆ ತುದಿಯಿಂದ ಕೆಳಗಿಳಿಯಲು ಬೇಕಾದ ಕಾಲ. ಮೂರನೆಯದು ಸಸ್ಟೇನ್, ಅಂದರೆ ನಿಲುವು. ಬೆರಳು ಮನೆಯ ಮೇಲಿರುವಷ್ಟು ಹೊತ್ತು ದನಿ ನಿಲ್ಲುವ ಮಟ್ಟ. ನಾಲ್ಕನೆಯದು ರಿಲೀಸ್, ಅಂದರೆ ಬಿಡುಗಡೆ. ಬೆರಳೆತ್ತಿದ ಮೇಲೆ ದನಿ ಮೌನಕ್ಕಿಳಿಯುವ ಕಾಲ. ಇವುಗಳಲ್ಲಿ ಮೂರು ಕಾಲದ ಅಳತೆಗಳು, ಒಂದು ಮಾತ್ರ ಎತ್ತರದ ಅಳತೆ. ನಿಲುವನ್ನೂ ಕಾಲವೆಂದೇ ಭ್ರಮಿಸಿ ಅದನ್ನು ಹೆಚ್ಚಿಸಿದರೆ ಸ್ವರ ದೀರ್ಘವಾಗುವುದಿಲ್ಲ, ಜೋರಾಗುತ್ತದೆ. ಉಪಾಧ್ಯಾಯರು ಮೊದಲ ವಾರ ಮಾಡಿದ್ದು ಇದೇ ತಪ್ಪು.

ಈ ಅಂಗಗಳನ್ನು ಗುರುತಿಸಿಕೊಂಡ ಮೇಲೆ ಅವರು ವಾರ್ಷಿಕೋತ್ಸವದ ದಿನದ ಧ್ವನಿಯನ್ನು ಪರೀಕ್ಷಿಸಿದರು. ಸಾವಧಾನದಿಂದ ಏಳುವ ತಂತಿವಾದ್ಯ ಸಮೂಹದ ಅನುಕರಣೆಯಾದ ಅದರ ಏರಿಕೆಗೆ ಸುಮಾರು ಮೂರನೆಯ ಒಂದು ಸೆಕೆಂಡು ಬೇಕಾಗಿತ್ತು. ಅಂದರೆ ಮಕ್ಕಳು ಪದವನ್ನು ಎತ್ತಿಕೊಂಡ ಮೇಲೆ ವಾದ್ಯ ಅವರ ಹಿಂದೆ ಓಡಿಬಂದು ಪದದ ಮಧ್ಯಭಾಗವನ್ನು ತುಳಿಯುತ್ತಿತ್ತು. ಬಿಡುಗಡೆಯ ಕಾಲ ಎರಡು ಸೆಕೆಂಡಿಗೂ ಹೆಚ್ಚು. ಒಂದು ಪದದ ಸ್ವರ ಆರುವ ಮುನ್ನವೇ ಮುಂದಿನ ಪದದ ಸ್ವರ ಅದರ ಮೇಲೆ ಹೇರಿಕೊಳ್ಳುತ್ತಿತ್ತು. ಪ್ರತಿಧ್ವನಿಯೇ ಹೆಚ್ಚಾಗಿರುವ ಆ ಕಲ್ಲುಗೋಡೆಯ ಮಂದಿರದಲ್ಲಿ ಅದು ಮತ್ತೂ ದೀರ್ಘವಾಗುತ್ತಿತ್ತು. ಅವರು ಏರಿಕೆಯನ್ನು 80 ಮಿಲಿಸೆಕೆಂಡಿಗೆ ಇಳಿಸಿದರು. ಇನ್ನೂ ಇಳಿಸಿ ಶೂನ್ಯಕ್ಕೆ ಒಯ್ದಾಗ ಪ್ರತಿ ಸ್ವರದ ಆರಂಭದಲ್ಲಿ ಚಿಟಿಕೆ ಹೊಡೆದಂತೆ ಸಣ್ಣ ಸಿಡಿತ ಕೇಳಿಸಿತು. ದನಿಯು ದಿಢೀರನೆ ಇಲ್ಲದಿರುವಿಕೆಯಿಂದ ಇರುವಿಕೆಗೆ ನೆಗೆದರೆ ಹಾಗಾಗುವುದು ಸ್ವಾಭಾವಿಕ. ಬಿಡುಗಡೆಯನ್ನು ಸುಮಾರು ಕಾಲು ಸೆಕೆಂಡಿಗೆ ತಂದರು. ಮಂದಿರದ ಗೋಡೆಗಳು ಉಳಿದ ಕೆಲಸವನ್ನು ತಾವೇ ಮಾಡಿದವು.

ಮುಂದಿನದು ಗಾತ್ರದ ಪ್ರಶ್ನೆ. ದನಿಯ ಬಲವನ್ನು ಅಳೆಯುವ ಮಾನ ಡೆಸಿಬಲ್. ಕಂಪನದ ವಿಸ್ತಾರವನ್ನು ಇಮ್ಮಡಿಸಿದರೆ 6 ಡೆಸಿಬಲ್ ಏರುತ್ತದೆ; ಆದರೆ ಕಿವಿಗೆ ದನಿಯು ಇಮ್ಮಡಿಯಾದಂತೆ ತೋರಲು ಸುಮಾರು 10 ಡೆಸಿಬಲ್ ಬೇಕು. ಕಿವಿಯು ಕೂಡಿಕೆಯ ಲೆಕ್ಕದಲ್ಲಿ ಕೇಳದೆ ಗುಣಾಕಾರದ ಲೆಕ್ಕದಲ್ಲಿ ಕೇಳುತ್ತದೆ. ಗಂಟೆಯ ದನಿ ಇಳಿಯುವುದೂ ಗೆರೆ ಎಳೆದಂತೆ ನೇರವಾಗಿ ಅಲ್ಲ. ಮೊದಲು ಬೇಗ, ಆಮೇಲೆ ನಿಧಾನ. ಸಮಸಮಕಾಲದಲ್ಲಿ ಅರ್ಧರ್ಧವಾಗುತ್ತ ಹೋಗುವ ಈ ಇಳಿಕೆಯೇ ಕಿವಿಗೆ ಸಹಜವೆನಿಸುವುದು. ಇದಲ್ಲದೆ 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಮತ್ತೊಂದು ಸಂಗತಿಯನ್ನು ತೋರಿಸಿಕೊಟ್ಟರು. ಮನುಷ್ಯನ ಕಿವಿಯು ಎಲ್ಲ ಸ್ಥಾಯಿಗಳಿಗೂ ಸಮನಾಗಿ ತೆರೆದುಕೊಂಡಿಲ್ಲ. ಸೆಕೆಂಡಿಗೆ 2000ದಿಂದ 5000 ಕಂಪನಗಳ ಆಸುಪಾಸಿನಲ್ಲಿ ಅದು ಅತ್ಯಂತ ಸೂಕ್ಷ್ಮ, ಮಂದ್ರದಲ್ಲಿ ಮಂದ. ದನಿಯನ್ನು ತಗ್ಗಿಸಿದಷ್ಟೂ ಮಂದ್ರವು ಮೊದಲು ಮರೆಯಾಗುತ್ತದೆ. ಆದುದರಿಂದ ಮನೆಯಲ್ಲಿ ಮೆಲ್ಲನೆ ನುಡಿಸಿ ಹದಮಾಡಿದ ಧ್ವನಿಯನ್ನು ಸಭೆಯಲ್ಲಿ ಜೋರಾಗಿ ನುಡಿಸಿದರೆ ಅದು ಅದೇ ಧ್ವನಿಯಾಗಿ ಉಳಿಯುವುದಿಲ್ಲ. ಇದನ್ನರಿತ ಮೇಲೆ ಉಪಾಧ್ಯಾಯರು ಹದಮಾಡುವ ಕೆಲಸವನ್ನು ಮನೆಯಲ್ಲಿ ಮಾಡುವುದನ್ನು ಬಿಟ್ಟು, ಸಂಜೆಯ ಹೊತ್ತು ಮಂದಿರದಲ್ಲಿಯೇ, ಸಭೆಯ ದಿನದಷ್ಟೇ ಗಾತ್ರದಲ್ಲಿ ಮಾಡತೊಡಗಿದರು.

ಗಾತ್ರವನ್ನು ತಗ್ಗಿಸಿದರೂ ತೊಡಕು ಪೂರ್ತಿ ನೀಗಲಿಲ್ಲ. ಮಕ್ಕಳ ದನಿ ಕೇಳಿಸಿತು, ಮಾತು ಕೇಳಿಸಲಿಲ್ಲ. ಇದರ ಕಾರಣ ನಾದದ ಬಣ್ಣದಲ್ಲಿತ್ತು. 1863ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿಶದಪಡಿಸಿದಂತೆ, ಕಿವಿಗೆ ಒಂದೆಂದು ತೋರುವ ಸ್ವರದಲ್ಲಿ ಅನೇಕ ಸ್ವರಗಳಿರುತ್ತವೆ. ಸೆಕೆಂಡಿಗೆ 200 ಕಂಪನಗಳ ಒಂದು ಷಡ್ಜವನ್ನು ನುಡಿಸಿದರೆ ಅದರೊಡನೆ 400, 600, 800 ಹೀಗೆ ಮೇಲುಸ್ವರಗಳೂ ಹುಟ್ಟುತ್ತವೆ. ಅವುಗಳ ಪರಸ್ಪರ ಪ್ರಮಾಣವೇ ಬಣ್ಣ. ಸಿಂಥಸೈಸರಿನ ಆಂದೋಲಕವು ಹುಟ್ಟಿಸುವ ಗರಗಸದ ಹಲ್ಲಿನಾಕಾರದ ಅಲೆಯಲ್ಲಿ ಎಲ್ಲ ಮೇಲುಸ್ವರಗಳೂ ಇರುತ್ತವೆ. ಎರಡನೆಯದು ಅರ್ಧದಷ್ಟು, ಮೂರನೆಯದು ಮೂರನೆಯ ಒಂದರಷ್ಟು, ಹೀಗೆ ಕ್ರಮವಾಗಿ. ಚೌಕಾಕಾರದ ಅಲೆಯಲ್ಲಿ ಬೆಸಸಂಖ್ಯೆಯವು ಮಾತ್ರ ಇದ್ದು, ದನಿಯು ಕೊಂಚ ಟೊಳ್ಳಾಗಿ, ಮರದ ಕೊಳವೆಯಲ್ಲಿ ಊದಿದಂತೆ ಕೇಳುತ್ತದೆ. ಹೀಗೆ ಹುಟ್ಟಿದ ಒರಟು ದನಿಯನ್ನು ‘ಫಿಲ್ಟರ್’ ಎಂಬ ಜರಡಿಯಲ್ಲಿ ಸೋಸಬೇಕು. ಜರಡಿಯ ಮಿತಿಯನ್ನು 1200 ಕಂಪನಗಳಿಗೆ ಇಟ್ಟರೆ ಅದರ ಕೆಳಗಿನವು ಹಾದುಹೋಗುತ್ತವೆ, ಮೇಲಿನವು ಕುಗ್ಗುತ್ತವೆ. ಮೂಗ್ ಅವರು ರೂಪಿಸಿದ ಪ್ರಸಿದ್ಧ ಜರಡಿಯಲ್ಲಿ ಮಿತಿಯಿಂದ ಮೇಲಕ್ಕೆ ಒಂದು ಸ್ಥಾಯಿ ಏರಿದರೆ 24 ಡೆಸಿಬಲ್, ಅಂದರೆ ಕಂಪನ ವಿಸ್ತಾರದಲ್ಲಿ ಸುಮಾರು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಮಕ್ಕಳು ಹಾಡುವ ಸ್ವರಗಳು ಬಹುಮಟ್ಟಿಗೆ 250ರಿಂದ 500 ಕಂಪನಗಳ ನಡುವೆ ಇರುತ್ತವೆ. ಆದರೆ ಮಾತಿನ ಸ್ಪಷ್ಟತೆ ಇರುವುದು ಸ್ವರಗಳಲ್ಲಿ ಅಷ್ಟಾಗಿ ಅಲ್ಲ, ವ್ಯಂಜನಗಳಲ್ಲಿ. ಕಕಾರ, ಚಕಾರ, ತಕಾರ, ಸಕಾರಗಳ ಸೂಕ್ಷ್ಮವಾದ ಉಜ್ಜುವಿಕೆ, ಸಿಡಿತಗಳು 2000 ಕಂಪನಗಳ ಮೇಲೆ ನೆಲೆಸಿರುತ್ತವೆ. ಅವು ಬಲದಲ್ಲಿ ಬಡವು. ಕಾರ್ಖಾನೆಯಲ್ಲಿ ತಯಾರಾಗಿ ಬಂದ ಆ ಹೊಳಪಿನ ಧ್ವನಿಯ ಮೇಲುಸ್ವರಗಳೆಲ್ಲ ಸರಿಯಾಗಿ ಆ ಬಡವರ ನೆಲವನ್ನೇ ಆಕ್ರಮಿಸಿಕೊಂಡಿದ್ದವು. ವಾದ್ಯವನ್ನು ಒಂಟಿಯಾಗಿ ಕೇಳಿದಾಗ ಯಾವ ಹೊಳಪು ಭವ್ಯವೆನಿಸುತ್ತಿತ್ತೋ ಅದೇ ಹೊಳಪು ಹಾಡಿನ ಜೊತೆ ಸೇರಿದಾಗ ಅಕ್ಷರಗಳನ್ನು ಅಳಿಸುತ್ತಿತ್ತು. ಅಂಗಡಿಯಲ್ಲಿ ಕೊಳ್ಳುವವನ ಮನಸ್ಸನ್ನು ಒಂದೇ ಸ್ಪರ್ಶಕ್ಕೆ ಸೆಳೆಯಲೆಂದು ಮಾಡಿದ ಧ್ವನಿಗೆ ಮತ್ತೊಬ್ಬರಿಗೆ ಎಡೆಮಾಡಿಕೊಡುವ ಗುಣ ಇರಬೇಕೆಂದು ನಿರೀಕ್ಷಿಸುವುದೂ ತಪ್ಪೇ.

ಉಪಾಧ್ಯಾಯರು ಜರಡಿಯ ಮಿತಿಯನ್ನು ಇಳಿಸುತ್ತ ಬಂದರು. ಮಿತಿ 1200ರ ಸಮೀಪಕ್ಕೆ ಬಂದಾಗ ಮಕ್ಕಳ ಮಾತು ಮಂಜಿನಿಂದ ಹೊರಬಂದಂತೆ ಸ್ಪಷ್ಟವಾಯಿತು. ಆದರೆ ಹೊಸದೊಂದು ದೋಷ ಕಾಣಿಸಿತು. 200 ಕಂಪನಗಳ ಷಡ್ಜಕ್ಕೆ ಈ ಮಿತಿಯೊಳಗೆ ಆರು ಅಂಶಸ್ವರಗಳು ದೊರೆಯುತ್ತವೆ. 400 ಕಂಪನಗಳ ತಾರಷಡ್ಜಕ್ಕೆ ಮೂರೇ. ಆದುದರಿಂದ ಮೇಲೇರಿದಂತೆಲ್ಲ ದನಿಯು ಮಂಕಾಗುತ್ತ ಹೋಯಿತು. ಇದಕ್ಕೆ ವಾದ್ಯದಲ್ಲಿಯೇ ಪರಿಹಾರವಿದೆ: ನುಡಿಸುವ ಮನೆ ಮೇಲೇರಿದಂತೆ ಜರಡಿಯ ಮಿತಿಯೂ ತಾನಾಗಿ ಮೇಲೇರುವಂತೆ ಏರ್ಪಡಿಸಬಹುದು. ಅವರು ಅದನ್ನು ಅರ್ಧದಷ್ಟು ಮಾತ್ರ ಇಟ್ಟುಕೊಂಡರು. ಪೂರ್ತಿ ಏರಿಸಿದರೆ ತಾರದ ಸ್ವರಗಳು ಮತ್ತೆ ಅಕ್ಷರಗಳ ನೆಲಕ್ಕೆ ಕಾಲಿಡುತ್ತಿದ್ದವು.

ಇಷ್ಟಾದರೂ ಧ್ವನಿಯಲ್ಲಿ ಜೀವವಿರಲಿಲ್ಲ. ಮಾತಿಗೆ ಅಡ್ಡಿಯಾಗುತ್ತಿರಲಿಲ್ಲ, ಆದರೆ ಆಸರೆಯೂ ಆಗುತ್ತಿರಲಿಲ್ಲ. ಇಲ್ಲಿ ಅವರಿಗೆ ನೆರವಾದುದು ಹಾರ್ಮೋನಿಯಮಿನ ನೆನಪು. ತಿದಿಯ ಒತ್ತಡ ಏರಿದಾಗ ಹಾರ್ಮೋನಿಯಮಿನ ದನಿ ಬರಿದೆ ಜೋರಾಗುವುದಿಲ್ಲ. ಅದರ ಬಣ್ಣವೂ ಮೊನಚಾಗುತ್ತದೆ. ಮನುಷ್ಯನ ಕಂಠವೂ ಹಾಗೆಯೇ. ಪಿಸುಮಾತನ್ನು ಧ್ವನಿವರ್ಧಕದಲ್ಲಿ ಎಷ್ಟು ಹಿಗ್ಗಿಸಿದರೂ ಅದು ಕೂಗಾಗದು. ಕೂಗನ್ನು ಎಷ್ಟು ತಗ್ಗಿಸಿದರೂ ಪಿಸುಮಾತಾಗದು. ಪ್ರಕೃತಿಯಲ್ಲಿ ಗಾತ್ರವೂ ಬಣ್ಣವೂ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳು. ಸಿಂಥಸೈಸರಿನಲ್ಲಿ ಅವು ಬೇರೆ ಬೇರೆ ಕೊಟ್ಟಿಗೆಗಳಲ್ಲಿರುತ್ತವೆ. ನೊಗಕ್ಕೆ ಕಟ್ಟುವುದು ಧ್ವನಿಯನ್ನು ರೂಪಿಸುವವನ ಕೆಲಸ. ಗಾತ್ರಕ್ಕೊಂದು ಮೈಕಟ್ಟು ಇರುವಂತೆ ಜರಡಿಗೂ ಪ್ರತ್ಯೇಕವಾದ ಮೈಕಟ್ಟು ಇರುತ್ತದೆ. ಮನೆಯನ್ನು ಒತ್ತಿದ ರಭಸವನ್ನು 1983ರಲ್ಲಿ ರೂಢಿಗೆ ಬಂದ ‘ಮಿಡಿ’ ಎಂಬ ಸಂಕೇತಪದ್ಧತಿ 0ಯಿಂದ 127ರವರೆಗಿನ ಅಂಕಗಳಲ್ಲಿ ತಿಳಿಸುತ್ತದೆ. ಆ ಅಂಕ ಗಾತ್ರವನ್ನೂ ಜರಡಿಯ ಮಿತಿಯನ್ನೂ ಒಟ್ಟಿಗೆ ಎತ್ತುವಂತೆ ಮಾಡಬಹುದು. ಅದೇ ವರ್ಷ ಮಾರುಕಟ್ಟೆಗೆ ಬಂದ ಜಪಾನಿನ ಯಮಾಹಾ ಡಿಎಕ್ಸ್-7 ವಾದ್ಯದಲ್ಲಿ ಜರಡಿಯೇ ಇರಲಿಲ್ಲ. ಒಂದು ಅಲೆ ಮತ್ತೊಂದನ್ನು ಅಲುಗಿಸುವುದರಿಂದ ಬಣ್ಣ ಹುಟ್ಟುತ್ತಿತ್ತು. ಆದರೂ ಅದರ ಆರು ಆಂದೋಲಕಗಳಿಗೂ ಒಂದೊಂದು ಮೈಕಟ್ಟು ಇದ್ದೇ ಇದ್ದಿತು. ಉಪಾಯ ಬೇರೆಯಾದರೂ ತತ್ತ್ವ ಒಂದೇ: ಬಣ್ಣವೂ ಕಾಲದೊಡನೆ ಬದಲಾಗುತ್ತಿರಬೇಕು.

ಈ ತತ್ತ್ವಕ್ಕೆ ಅತ್ಯಂತ ಸುಂದರ ನಿದರ್ಶನ ಭಾರತೀಯರ ತಂಬೂರಿ. ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ತಂಬೂರಿ, ವೀಣೆಗಳ ಕುದುರೆಯ ರಹಸ್ಯವನ್ನು ವಿಚಾರಿಸಿದರು. ಅಗಲವಾದ, ಬಾಗಿದ ಕುದುರೆಯ ಮೇಲೆ ತಂತಿಯು ಮೆಲ್ಲನೆ ಒರಗಿ ಕಂಪಿಸುವುದರಿಂದ, ಸಾಮಾನ್ಯ ನಿಯಮದ ಪ್ರಕಾರ ಇರಕೂಡದ ಮೇಲುಸ್ವರಗಳೂ ಅಲ್ಲಿ ಎದ್ದು ಕೇಳುತ್ತವೆ. ತಂತಿಯ ಅಡಿಗೆ ಸೇರಿಸುವ ಜೀವಾಳದ ಎಳೆ ಅದನ್ನು ಹದಗೊಳಿಸುತ್ತದೆ. ಮೀಟಿದ ಬಳಿಕ ಗಾತ್ರ ಇಳಿಯುತ್ತಿರುವಾಗಲೇ ಬಣ್ಣ ಅರಳುತ್ತಿರುತ್ತದೆ. ಇಂತಹ ನಾದವನ್ನು ವಿದ್ಯುತ್ತಿನಿಂದ ಹುಟ್ಟಿಸುವ ಸಾಹಸವೂ ಕರ್ನಾಟಕದಲ್ಲಿ ನಡೆದಿದೆ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಬೆಂಗಳೂರಿನ ತಮ್ಮ ರಾಡೆಲ್ ಸಂಸ್ಥೆಯ ಮೂಲಕ ಸಿದ್ಧಪಡಿಸಿದ ವಿದ್ಯುನ್ಮಾನ ತಂಬೂರಿಗಳು ಸಂಗೀತ ವಿದ್ಯಾರ್ಥಿಗಳ ಮನೆಮನೆಯನ್ನು ಸೇರಿವೆ. ಕೇಳುಗರಿಗಾಗಿ ನುಡಿಯದೆ ಹಾಡುವವನಿಗಾಗಿ ನುಡಿಯುವುದು ತಂಬೂರಿಯ ಧರ್ಮ.

ಉಪಾಧ್ಯಾಯರು ತಮ್ಮ ಧ್ವನಿಗೆ ಇದೇ ಧರ್ಮವನ್ನು ಕಲಿಸಿದರು. ಮನೆಯನ್ನೊತ್ತಿದಾಗ ಜರಡಿಯು ಕ್ಷಣಕಾಲ ಕೊಂಚ ತೆರೆದು, ಅರ್ಧ ಸೆಕೆಂಡಿನೊಳಗೆ ತನ್ನ ಮಿತಿಗೆ ಇಳಿಯುವಂತೆ ಮಾಡಿದರು. ಇದರಿಂದ ಮಕ್ಕಳಿಗೆ ಶ್ರುತಿ ಹಿಡಿಯಲು ಬೇಕಾದ ಮೊನಚು ಪದದ ಆರಂಭಕ್ಕೆ ಮುನ್ನವೇ ದೊರೆತು, ಪದ ಹೊರಡುವ ಹೊತ್ತಿಗೆ ವಾದ್ಯ ಹಿಂದೆ ಸರಿದಿರುತ್ತಿತ್ತು. ನಿಲುವಿನ ಮಟ್ಟವನ್ನು ತುದಿಯ ಮಟ್ಟಕ್ಕಿಂತ ಸುಮಾರು 10 ಡೆಸಿಬಲ್ ಕೆಳಗಿಟ್ಟರು. ಕಾಲಿನಲ್ಲಿ ಒತ್ತುವ ಗಾತ್ರದ ಪೆಡಲೊಂದನ್ನು ಜೋಡಿಸಿ, ಅದು ಗಾತ್ರದೊಡನೆ ಜರಡಿಯನ್ನೂ ಅಷ್ಟಿಷ್ಟು ಚಲಿಸುವಂತೆ ಏರ್ಪಡಿಸಿಕೊಂಡರು. ವೃದ್ಧ ಗುರುಗಳ ಹಳೆಯ ನಿಯಮ ಪಾದಕ್ಕೆ ಮರಳಿ ಬಂದಿತು. ಈ ಕೆಲಸಕ್ಕೆ ಅವರಿಗೆ ನಾಲ್ಕು ತಿಂಗಳ ಸಂಜೆಗಳು ಹಿಡಿದವು. ಆ ಧ್ವನಿಯನ್ನು ವಾದ್ಯದ ಸ್ಮರಣೆಯಲ್ಲಿ ಉಳಿಸಿ, ಅಂಕಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರು.

ಆ ನಾಲ್ಕು ತಿಂಗಳಲ್ಲಿ ಅವರಿಗೆ ಅತ್ಯಂತ ಕಷ್ಟವಾದ ಕೆಲಸ ಯಾವ ಗುಂಡಿಯದೂ ಆಗಿರಲಿಲ್ಲ. ಒಂದು ದಿನ ಅವರು ಹಿಂದಿನ ಸಾಲಿನ ಆ ಬಾಲಿಕೆಯನ್ನು ಕರೆದು ಹೊಸ ಧ್ವನಿಯೊಡನೆ ಹಾಡುವಂತೆ ಹೇಳಿದರು. ಅವಳು ಅಂಜುತ್ತ, ತನ್ನ ಅಭ್ಯಾಸದಂತೆ ಮೆಲ್ಲಗೆ ಹಾಡಿದಳು. ಮಂದಿರದ ಕೊನೆಯ ಬಾಗಿಲಲ್ಲಿ ನಿಂತಿದ್ದ ಜವಾನನಿಗೂ ಪ್ರತಿಯೊಂದು ಅಕ್ಷರ ಕೇಳಿಸಿತು. ಅವಳ ದನಿ ಎಂದೂ ಸಾಲದಾಗಿರಲಿಲ್ಲ; ಅದಕ್ಕೆ ನಿಲ್ಲಲು ಸ್ಥಳವಿರಲಿಲ್ಲ. ಉಪಾಧ್ಯಾಯರು ಉಳಿದ ಮಕ್ಕಳ ಮುಂದೆಯೇ, ‘ಅಂದು ತಪ್ಪು ನಿನ್ನದಲ್ಲಮ್ಮ, ನನ್ನದು’ ಎಂದರು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಆ ಮಾತು ಸುಲಭವಾಗಿ ಬರುವಂತಹುದಲ್ಲ. ಹುಡುಗಿ ಏನೂ ಹೇಳದೆ ತಲೆತಗ್ಗಿಸಿದಳು. ಮರುದಿನ ಮುಂದಿನ ಸಾಲಿನಲ್ಲಿ ಅವಳು ತಾನಾಗಿಯೇ ಬಂದು ನಿಂತಿದ್ದಳು.

ಶಾಲೆಗಳಲ್ಲಿ ಎಷ್ಟೋ ವೇಳೆ ಹೀಗಾಗುವುದುಂಟು. ಮಗುವಿನ ದನಿ ಕೇಳಿಸದಿದ್ದಾಗ ಅದರ ಕಂಠವನ್ನು ದೂರುವುದು ಸುಲಭ. ಅದರ ಸುತ್ತ ಎದ್ದಿರುವ ಸದ್ದು ಎಷ್ಟು, ಆ ಸದ್ದಿನಲ್ಲಿ ಬೋಧಕನ ಪಾಲೆಷ್ಟು ಎಂದು ಅಳೆದುಕೊಳ್ಳುವುದು ಕಷ್ಟ. ಧ್ವನಿಯನ್ನು ರೂಪಿಸುವ ವಿದ್ಯೆಯಲ್ಲಿ ಈ ಅಳತೆ ಕಡ್ಡಾಯ. ಯಾವ ಧ್ವನಿಯನ್ನೂ ಅದೊಂದನ್ನೇ ಕೇಳಿ ಒಳ್ಳೆಯದು, ಕೆಟ್ಟದ್ದು ಎಂದು ತೀರ್ಮಾನಿಸಲಾಗದು. ಅದು ಯಾರೊಡನೆ ನುಡಿಯಬೇಕೋ ಅವರ ಪಕ್ಕದಲ್ಲಿಟ್ಟು ಕೇಳಬೇಕು. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವನ್ನು ಕೇಳಿದವರು ಬಲ್ಲರು: ಅಲ್ಲಿ ತಂಬೂರಿಯೂ ಹಾರ್ಮೋನಿಯಮೂ ಇರುತ್ತಿದ್ದವು, ಆದರೆ ಮನೆಗೆ ಹಿಂದಿರುಗುವಾಗ ಕಿವಿಯಲ್ಲಿ ಉಳಿಯುತ್ತಿದ್ದುದು ಶರಣರ ಮಾತು.

ಮಠದ ಸಂಪ್ರದಾಯದಲ್ಲಿ ದಾಸೋಹವೆಂಬುದಕ್ಕೆ ಎರಡು ಕೈಗಳು ಬೇಕು. ಭಕ್ತರು ಅಕ್ಕಿ, ಬೇಳೆಗಳನ್ನು ತಂದೊಪ್ಪಿಸುತ್ತಾರೆ. ಅದನ್ನು ಹದವರಿತು ಬೇಯಿಸಿದಾಗ ಪ್ರಸಾದವಾಗುತ್ತದೆ. ಬೇಯಿಸದ ಅಕ್ಕಿಯನ್ನು ಎಲೆಗೆ ಬಡಿಸಿದರೆ ದಾನಿಗೂ ಗೌರವವಿಲ್ಲ, ಹಸಿದವನಿಗೂ ತೃಪ್ತಿಯಿಲ್ಲ. ಶಾಲೆಗೆ ಬರುವ ವಾದ್ಯ, ಯಂತ್ರ, ಉಪಕರಣಗಳ ವಿಷಯವೂ ಹೀಗೆಯೇ. ಕಾರ್ಖಾನೆಯ ಸಿದ್ಧ ಧ್ವನಿಗಳು ಬೇಯಿಸದ ಅಕ್ಕಿಗೆ ಸಮಾನ. ಇಂದು ಕೈಯಲ್ಲಿ ಹಿಡಿಯುವ ಫೋನಿನಲ್ಲಿಯೂ ಸಿಂಥಸೈಸರಿನ ತಂತ್ರಾಂಶಗಳು ದೊರೆಯುವುದರಿಂದ, ಏರಿಕೆ, ಇಳಿಕೆ, ನಿಲುವು, ಬಿಡುಗಡೆಗಳ ಪಾಠವನ್ನು ಹಳ್ಳಿಯ ಮಗುವಿಗೂ ಹೇಳಿಕೊಡಲು ಅಡ್ಡಿಯಿಲ್ಲ. ಆ ಉಪಾಧ್ಯಾಯರು ಹಾಗೆಯೇ ಮಾಡಿದರು. ಭೌತಶಾಸ್ತ್ರದ ಬೋಧಕರನ್ನು ಜೊತೆಗೆ ಕರೆದುಕೊಂಡು, ಪ್ರೌಢಶಾಲೆಯ ಮಕ್ಕಳಿಗೆ ಶನಿವಾರಗಳಂದು ಗಂಟೆ, ತಂಬೂರಿ, ಹಾರ್ಮೋನಿಯಂ, ಸಿಂಥಸೈಸರುಗಳನ್ನು ಒಟ್ಟಿಗಿಟ್ಟು ನಾದಶಾಸ್ತ್ರವನ್ನು ಕನ್ನಡದಲ್ಲಿ ವಿವರಿಸತೊಡಗಿದರು. ಬೆಳ್ಳಾವೆಯ ಹೆಸರು ಹೊತ್ತ ಆ ಇಬ್ಬರು ಹಿರಿಯರ ದಾರಿಗಳು ಒಂದು ಸಣ್ಣ ಶಾಲೆಯ ಕೋಣೆಯಲ್ಲಿ ಕೂಡಿದಂತಾಯಿತು.

ಮರುವರ್ಷದ ವಾರ್ಷಿಕೋತ್ಸವಕ್ಕೆ ದಾನಿಗಳು ಮತ್ತೆ ದಯಮಾಡಿಸಿದ್ದರು. ಮಕ್ಕಳು ಹಾಡಲಾರಂಭಿಸಿದಾಗ ಮೊದಲ ಸಾಲು ಮುಗಿಯುವಷ್ಟರಲ್ಲಿ ಅವರ ತುಟಿಗಳು ತಾವಾಗಿ ಚಲಿಸತೊಡಗಿದವು. ಮೂರನೆಯ ಸಾಲಿಗೆ ಅವರು ಮಕ್ಕಳೊಡನೆ ಸಣ್ಣದನಿಯಲ್ಲಿ ಹಾಡುತ್ತಿದ್ದರು. ಬಸವಣ್ಣನವರ ಆ ವಚನವನ್ನು ಅವರು ಇದೇ ಮಂದಿರದಲ್ಲಿ ಬಾಲಕರಾಗಿದ್ದಾಗ ಕಲಿತದ್ದು. ಕಾರ್ಯಕ್ರಮ ಮುಗಿದ ಮೇಲೆ ಅವರು ಮುಂದಿನ ಸಾಲಿನ ಆ ಹುಡುಗಿ ಯಾರ ಮಗಳೆಂದು ವಿಚಾರಿಸಿದರು, ಅವಳ ತಲೆಯನ್ನು ನೇವರಿಸಿದರು, ಗುರುಗಳಿಗೆ ನಮಸ್ಕರಿಸಿ ಹೊರಟರು. ತಾವು ಕೊಟ್ಟ ವಾದ್ಯದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಉಪಾಧ್ಯಾಯರು ವಾದ್ಯದ ಸ್ವಿಚ್ಚನ್ನು ಆರಿಸಿ, ಅದಕ್ಕೆ ಬಟ್ಟೆ ಹೊದಿಸಿ, ಮಂದಿರದ ಬಾಗಿಲನ್ನು ಹಾಕಿಕೊಂಡರು. ಅವರಿಗೆ ಆ ದಿನ ದೊರೆತ ಪ್ರಶಂಸೆಗಳಲ್ಲಿ ಆ ಮೌನಕ್ಕಿಂತ ದೊಡ್ಡದು ಬೇರೊಂದಿರಲಿಲ್ಲ.